ಗೌಸಮೊದ್ದೀನನ ಎಡಗೈ

ಸಪ್ತಾಪುರದಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡುವ ಗೌಸಮೊದ್ದೀನನಿಗೆ ತನ್ನ ಮನಸ್ಸಿನ ಮೇಲೆ ಅಪಾರ ಭರವಸೆ. ಇಪ್ಪತ್ತು ವರ್ಷ ಜಗಿದ ತಂಬಾಕನ್ನು ಒಂದು ಶುಕ್ರವಾರ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವ ನಿರುಪಮಾ ಅದು ಅವನ ಮನಸ್ಸಿನ ಬಲ ಎಂಬುದನ್ನು ಒಪ್ಪುತ್ತಿರಲಿಲ್ಲ. ತಂದೆ ಬಿಟ್ಟುಹೋದ ಹಳೆಯ ಗಾಡಿಯನ್ನೇ ಅವಳು ಓಡಿಸುತ್ತಿದ್ದಳು. ಅದು ತಿಂಗಳಿಗೊಮ್ಮೆ ಕೆಡುತ್ತಿತ್ತು, ವಾದವೂ ತಿಂಗಳಿಗೊಮ್ಮೆ ನಡೆಯುತ್ತಿತ್ತು.

“ತಂಬಾಕು ನೀವು ಬಿಟ್ಟಿದ್ದಲ್ಲ ಸಾಬರ. ನಿಮ್ಮ ಅಣ್ಣನ ಬಾಯಾಗ ಹುಣ್ಣಾತು, ನಿಮಗ ಅಂಜಿಕಿ ಬಂತು, ಆ ಅಂಜಿಕಿ ಬಿಡಿಸ್ತು. ಅದರಾಗ ನಿಮ್ಮದೇನದ?”

“ಅಂಜಿಕಿ ನಮ್ಮಣ್ಣಗೂ ಬಂದಿತ್ತರಿ ಬಾಯಾರ. ಅಂವ ಯಾಕ ಬಿಡಲಿಲ್ಲ?”

ನಿರುಪಮಾ ನಕ್ಕು, ಅಣ್ಣ ಬಿಡದೆ ಇದ್ದದ್ದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎನ್ನುವಳು. ಗೌಸಮೊದ್ದೀನ ತಲೆಯಾಡಿಸುತ್ತ ಗಾಡಿಯ ಕಡೆ ತಿರುಗುವನು.

ಅರವತ್ತೆರಡನೆಯ ವಯಸ್ಸಿನಲ್ಲಿ ಅವನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಎರಡು ವಾರ ಆಸ್ಪತ್ರೆಯಲ್ಲಿದ್ದ. ಮಾತು ಮರಳಿತು, ನಡಿಗೆಯೂ ಮರಳಿತು. ಆದರೆ ಮನೆಗೆ ಬಂದ ಮರುದಿನ ಅಂಗಿ ಹಾಕಿಕೊಳ್ಳುವಾಗ ನೋಡುತ್ತಾನೆ, ಬಲಗೈ ಹಾಕಿದ ಗುಂಡಿಗಳನ್ನು ಎಡಗೈ ಒಂದೊಂದಾಗಿ ಬಿಚ್ಚುತ್ತ ಬರುತ್ತಿದೆ. ನಿಲ್ಲು ಎಂದರೂ ನಿಲ್ಲಲಿಲ್ಲ. ಬೇರೆ ಯಾರೋ ತನ್ನ ಅಂಗಿ ಬಿಚ್ಚುತ್ತಿದ್ದಾರೆಂಬಂತೆ ಅವನು ಸುಮ್ಮನೆ ನೋಡುತ್ತ ಕೂತ.

ಮೂರನೆಯ ದಿನ ಊಟ ಬಡಿಸುತ್ತಿದ್ದ ಹೆಂಡತಿ ಹಾಜರಾಬಿಯ ಮಣಿಕಟ್ಟನ್ನು ಆ ಕೈ ಗಪ್ಪನೆ ಹಿಡಿಯಿತು. ಗಾಜಿನ ಬಳೆ ಒಡೆದು ರಕ್ತ ಬಂತು.

“ನಾ ಅಲ್ಲ ಹಾಜರಾ! ಖರೇನ ನಾ ಮಾಡಿಲ್ಲ!” ಎಂದು ಅವನು ಕೂಗಿದ.

“ನೀವಲ್ಲಂತ ಗೊತ್ತೈತ್ರಿ” ಎನ್ನುತ್ತ ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಮಿದುಳಿನ ಎರಡು ಭಾಗಗಳ ನಡುವಿನ ಸಂಪರ್ಕಕ್ಕೆ ಪೆಟ್ಟಾಗಿದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಕೈಯಲ್ಲಿ ಬಲವಿದೆ, ಕಸುಬು ಗೊತ್ತಿದೆ, ನಾನು ಮಾಡುತ್ತಿದ್ದೇನೆ ಎಂಬ ಅರಿವು ಮಾತ್ರ ಅದಕ್ಕೆ ಕೂಡಿಕೊಳ್ಳುತ್ತಿಲ್ಲ. ಔಷಧವಿಲ್ಲ; ಹಿಡಿದುಕೊಳ್ಳಲು ಏನಾದರೂ ಕೊಟ್ಟರೆ ಸುಮ್ಮನಿದ್ದೀತು. ಹಾಜರಾಬಿ ಅಂಗಡಿಯಿಂದ ಹಳೆಯ ಹ್ಯಾಂಡಲ್ ರಬ್ಬರೊಂದನ್ನು ತಂದು ಎಡಗೈಯ ಮುಷ್ಟಿಯೊಳಗಿಟ್ಟಳು. ಕೈ ಶಾಂತವಾಯಿತು.

ನೋಡಲು ಬಂದ ನಿರುಪಮಾಗೆ ವಾದ ಗೆದ್ದೆ ಅನ್ನಿಸಲಿಲ್ಲ, ಭಯವಾಯಿತು. ಗೌಸಮೊದ್ದೀನನೇ ಮಾತು ತೆಗೆದ.

“ಎಡಗೈದು ಬಿಡ್ರಿ ಬಾಯಾರ. ನನಗ ಸೋಜಿಗ ಆಗಾಕತ್ತಿದ್ದು ಬಲಗೈ ನೋಡಿ. ನಲವತ್ತು ವರ್ಷ ಇದು ನಟ್ಟು ಬಿಚ್ಚೋ ಪಾನಾ ಹಿಡಿದೈತಿ. ಒಂದು ದಿವಸಾನೂ ನಾ ಇದಕ್ಕ ‘ಹಿಡಿ’ ಅಂತ ಹೇಳಿಲ್ಲ. ಹಂಗಾರ ಹೇಳಿದವರು ಯಾರರಿ?”

ನಿರುಪಮಾ ಉತ್ತರಕ್ಕೆಂದು ಬಾಯಿ ತೆರೆದಳು. ಚಹಾದ ಕಪ್ಪು ಹಿಡಿದಿದ್ದ ತನ್ನ ಬೆರಳುಗಳು ಕಣ್ಣಿಗೆ ಬಿದ್ದವು. ಅವು ಯಾವಾಗ ಕಪ್ಪನ್ನು ಎತ್ತಿಕೊಂಡವೆಂದು ಅವಳಿಗೂ ನೆನಪಿರಲಿಲ್ಲ.

“ಗೊತ್ತಿಲ್ಲರಿ” ಎಂದಳು. ಅಷ್ಟು ವರ್ಷಗಳ ವಾದದಲ್ಲಿ ಈ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಐದು ತಿಂಗಳ ಮೇಲೆ ಅಂಗಡಿ ತೆರೆಯಿತು. ಎಡಗೈಗೆ ರಬ್ಬರು, ಬಲಗೈಗೆ ಕೆಲಸ. ಒಂದು ಬೆಳಿಗ್ಗೆ ನಿರುಪಮಾಳ ಗಾಡಿ ಬಂತು. ಗೌಸಮೊದ್ದೀನ ಪ್ಲಗ್ ಬಿಚ್ಚಿ, ಬಲಗೈಯಲ್ಲಿ ಅದನ್ನು ಎಂಜಿನ್ನಿಗೆ ತಾಗಿಸಿ ಹಿಡಿದು, ಕಿಡಿ ಹಾರುತ್ತದೆಯೇ ನೋಡಲು ಬಾಗಿದ.

“ಕಿಕ್ ಹೊಡೀರಿ ಬಾಯಾರ.”

ಅವಳು ಕಾಲೆತ್ತಿದಳು. ಅಷ್ಟರಲ್ಲಿ ಅವನ ಎಡಗೈ ರಬ್ಬರನ್ನು ಕೆಳಗೆ ಬಿಟ್ಟು ಟ್ಯಾಂಕಿನ ಅಡಿಗೆ ಸರಿಯಿತು. ಮತ್ತೆ ಶುರುವಾಯಿತೆಂದು ಅವನು ಗದರಬೇಕೆನ್ನುವಾಗ ಅದು ಟಕ್ಕೆಂದು ಪೆಟ್ರೋಲಿನ ನಲ್ಲಿ ಬಂದ್ ಮಾಡಿತು. ಆಮೇಲೆ ವಾಸನೆ ಮೂಗಿಗೆ ಬಡಿಯಿತು. ಪೈಪು ಕಳಚಿ ಪೆಟ್ರೋಲು ಎಂಜಿನ್ನಿನ ಮೇಲೆ ಹರಿದಿತ್ತು.

“ನಿಲ್ರಿ! ಒದೀಬ್ಯಾಡ್ರಿ!”

ನಿರುಪಮಾ ಎತ್ತಿದ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟಳು. ಆ ಒಂದು ಕಿಕ್ಕಿಗೆ ಕಿಡಿ ಹಾರಿದ್ದರೆ ಇಬ್ಬರೂ ಬೆಂಕಿಯಲ್ಲಿರುತ್ತಿದ್ದರು. ಅವಳು ಕೈ ಮುಗಿದಳು.

“ಉಳಿಸಿದ್ರಿ ಸಾಬರ.”

ಗೌಸಮೊದ್ದೀನ ನಾ ಅಲ್ಲ ಎನ್ನಲು ಹೊರಟ. ಆದರೆ ಕಣ್ಣು ಎಡಗೈಯ ಮೇಲೆ ಬಿತ್ತು. ಯಾರೂ ಹೇಳದೆ ನಲ್ಲಿಯ ತನಕ ಹೋಗಿಬಂದಿತ್ತು ಅದು. ಮೂಗಿಗೆ ವಾಸನೆ ತಟ್ಟುವ ಮೊದಲೇ ಅದಕ್ಕೆ ತಿಳಿದಿತ್ತು. ಆ ತಿಳಿವಳಿಕೆಯನ್ನು ಅದರೊಳಗೆ ಇಟ್ಟವನು ಮಾತ್ರ ತಾನೇ. ಒಂದಲ್ಲ ಎರಡಲ್ಲ, ನಲವತ್ತು ವರ್ಷ, ದಿನಾ ಒಂದಿಷ್ಟು.

“ಹೂನ್ರಿ” ಎಂದ. “ನಾನ ಮಾಡಿದೆ.” ಆಮೇಲೆ, “ಇದು ನಂದು ಅಂದ್ರ, ಹಾಜರಾನ ಕೈಗೆ ಗಾಯ ಆತಲ್ಲ, ಅದೂ ನಂದ.”

“ಅದನ್ನ ನೀವು ಬೇಕಂತ ಮಾಡಿಲ್ಲಲ್ಲ?”

“ಇದನ್ನೂ ಬೇಕಂತ ಮಾಡಿಲ್ಲರಿ ಬಾಯಾರ.”

ನಿರುಪಮಾ ಅಂಗಡಿಯ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಮಾಡಿದ್ದು ಯಾರದು ಎಂಬುದು ಅವಳು ಮೂವತ್ತು ವರ್ಷ ಪಾಠ ಹೇಳಿದ್ದ ವಿಷಯ. ಈ ಕಡೆಯಿಂದ ಅದನ್ನು ನೋಡಿರಲಿಲ್ಲ.

ಸಂಜೆಯವರೆಗೆ ಕಾಯುವುದು ಗೌಸಮೊದ್ದೀನನಿಂದ ಆಗಲಿಲ್ಲ. ಪೈಪು ಕೂಡಿಸಿ, ಶಟರ್ ಎಳೆದು, ಮಧ್ಯಾಹ್ನಕ್ಕೇ ಮನೆಗೆ ನಡೆದ. ಹಾಜರಾಬಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಎದುರಿಗೆ ಕುಕ್ಕರಗಾಲಲ್ಲಿ ಕುಳಿತ.

“ಅವತ್ತು ನಿನ್ನ ಕೈ ಹಿಡಿದು ರಕ್ತಾ ತಗದಿದ್ದು ನಾನ, ಹಾಜರಾ. ಮಾಫ್ ಮಾಡು.”

ಮತ್ತೇನು ಆಗಿಬಿಟ್ಟಿತೋ ಎಂದು ಗಾಬರಿಯಾಗಿ ಅವಳು ಮೊರ ಬದಿಗಿಟ್ಟು ಅವನ ಹಣೆ ಮುಟ್ಟಿ ನೋಡಿದಳು.