ಓಗುಟುವಿನ ಹುಂಜ

ನನ್ನ ಓರಗಿತ್ತಿಯ ತವರು ಉಗೆನ್ಯಾ. ನಮ್ಮಲ್ಲಿ ಸೊಸೆಯನ್ನು ತವರಿನ ಹೆಸರಿನಿಂದಲೇ ಕರೆಯುವುದು, ಹಾಗಾಗಿ ಊರಿಗೆಲ್ಲ ಅವಳು ನ್ಯಾರ್ ಉಗೆನ್ಯಾ, ಉಗೆನ್ಯಾದ ಮಗಳು. ಅವಳ ಗಂಡ ಓಗುಟು ನನ್ನ ಗಂಡ ಓಯೂಗಿಯ ಅಣ್ಣ. ಮೀನಿಗೆಂದು ಸರೋವರಕ್ಕೆ ಹೋದವನ ಖಾಲಿ ದೋಣಿ ದಡಕ್ಕೆ ಬಂತು. ಅವನೂ ಬರಲಿಲ್ಲ, ಹೊಸ ಬಲೆಯೂ ಬರಲಿಲ್ಲ.

ಮನೆಯ ಯಜಮಾನ ಸತ್ತರೆ ಅವನ ಹುಂಜವನ್ನು ಕುಲದವರು ಕೊಯ್ದು ತಿನ್ನಬೇಕು, ಹೆಂಡತಿ ಅವನ ತಮ್ಮನ ಪಾಲಿಗೆ ಹೋಗಬೇಕು. ಹಿರಿಯರು ಬಂದರು. ಇವಳು ಬಾಗಿಲಿಗೆ ಅಡ್ಡ ನಿಂತು, "ಹೆಣ ತೋರ್ಸಿ, ಹುಂಜ ತಗೊಂಡ್ ಹೋಗಿ" ಅಂದಳು. ಅವರು ತಲೆ ಕೆರೆದುಕೊಂಡರು. ಹುಂಜ ಕೂಗುವ ತನಕ ಅದು ಓಗುಟುವಿನ ಮನೆ, ಅದು ಹೋದರೆ ಅದರ ಮರಿ ಕೂಗಿದರೂ ಸರಿ, ಎರಡೂ ಇಲ್ಲದಿದ್ದರೆ ಅವಳು ಓಯೂಗಿಯ ಪಾಲಿಗೆ, ಮತ್ತೆ ಮಾತಿಲ್ಲ ಎಂದು ತೀರ್ಮಾನಿಸಿ ಹೋದರು. ನನಗೂ ಸವತಿ ಬೇಡವಾಗಿತ್ತು, ಸುಳ್ಳೇಕೆ ಹೇಳಲಿ. ಬೆಳಗಿನ ಜಾವ ಹುಂಜ ಕೂಗಿದರೆ ಗಂಡನನ್ನು ತಿವಿದು, ನಿಮ್ಮಣ್ಣ ಎದ್ದಿದ್ದಾನೆ ನೋಡಿ ಎಂದು ಕೆಣಕುತ್ತಿದ್ದೆ. ಅವನು ಮಗ್ಗುಲು ಬದಲಿಸುತ್ತಿದ್ದ.

ಹುಂಜ ಮುದಿಯಾಗಿತ್ತು. ಒಂದು ಗಂಡು ಮರಿ ದೊಡ್ಡದಾಗಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಬೇಸಿಗೆಯಲ್ಲಿ ಬೋಳು ನೆಲದ ಮೇಲೆ ಹದ್ದು ಸುತ್ತು ಹಾಕಿ ಹಾಕಿ ಮರಿಗಳನ್ನು ಎತ್ತಿಕೊಂಡು ಹೋಯಿತು. ಮುಂದಿನ ಸಲ ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧಿಯನ್ನು ಮರಿಗಳಿಗೆ ಬಳಿದೆವು. ಕೆಲವು ದಿನ ಹದ್ದು ಹೆದರಿತು. ಆಮೇಲೆ ನೇರಳೆ ಮರಿಯೂ ರುಚಿಯೇ ಎಂದು ಅದಕ್ಕೆ ತಿಳಿಯಿತು, ಅದರ ವಂಶ ಹಾಳಾಗ.

ದೊಡ್ಡ ಮಳೆಗಾಲದ ಮರಿಗಳಲ್ಲಿ ಒಂದು ಉಳಿದು ಜುಟ್ಟು ಕೆಂಪಾಯಿತು. ಕೂಗಲು ಹೋಗಿ ಕೆಮ್ಮಿದಂತೆ ಸದ್ದು ಮಾಡಿತು. "ಓಗುಟು ತಂಬಾಕು ಸೇದಿ ಕೆಮ್ಮಿದ ಹಾಗಿದೆ ಕಣೇ" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಅವಳು ನಕ್ಕಿದ್ದನ್ನು ಕಂಡದ್ದು ಅದೇ ಕೊನೆ. ಆಮೇಲಿನ ಸಣ್ಣ ಮಳೆಗಾಲದಲ್ಲಿ ಮುಸುಕಿನ ಜೋಳ ಆಳೆತ್ತರ ಬೆಳೆದಾಗ, ಸಾಲಿನೊಳಗೆ ಹೊಂಚು ಹಾಕಿದ್ದ ಗಿಡುಗ ನೆಲದ ಮಟ್ಟದಲ್ಲೇ ನುಗ್ಗಿ ಆ ಮರಿಹುಂಜವನ್ನು ಹರಿದು ಹಾಕಿತು.

ಆಗ ಅವಳು ಗಂಡನ ಹಳೆಯ ಬಲೆಯನ್ನು ಕಂಬಗಳಿಗೆ ಕಟ್ಟಿ ಅಂಗಳದ ಮೇಲೆ ಹರಡಿದಳು. ಅಂಚನ್ನು ನೆಲದ ತನಕ ಇಳಿಬಿಟ್ಟಳು. ಹೇಂಟೆಯನ್ನು ಮತ್ತೆ ಕಾವಿಗೆ ಕೂರಿಸಿದಳು.

ಬಿಸಿಲುಗಾಲದ ಒಂದು ಮಧ್ಯಾಹ್ನ ಹದ್ದಿನ ನೆರಳು ಅಂಗಳದ ಮೇಲೆ ಹಾಯಿತು. ಮುದಿ ಹುಂಜ ಬೊಬ್ಬೆಯಿಟ್ಟು ಮೇಲಕ್ಕೆ ಹಾರಿತು. ನಾವಿಬ್ಬರೂ ಹೊಲದಿಂದ ಓಡಿ ಬರುವಷ್ಟರಲ್ಲಿ ಬಲೆಯ ಕಣ್ಣಿಗೆ ಕತ್ತು ಸಿಕ್ಕಿ ನೇತಾಡುತ್ತಿತ್ತು. ಹದ್ದು ಅದನ್ನು ಮುಟ್ಟಿಯೂ ಇರಲಿಲ್ಲ.

ಸದ್ದಿಲ್ಲದೆ ಹೂಳೋಣ, ಮೊಟ್ಟೆ ಒಡೆಯುವ ತನಕ ಬಾಯಿ ಮುಚ್ಚಿಕೊಂಡಿರೋಣ ಎಂದೆ. ಅವಳಿಗೆ ಕೇಳಿಸಲಿಲ್ಲ. ಕತ್ತಿನ ದಾರ ಬಿಡಿಸುತ್ತಿದ್ದ ಕೈ ನಿಂತುಬಿಟ್ಟಿತು.

"ಹೊಸ ಬಲೆ ತಗೊಂಡ್ ಹೋಗಿದ್ದ," ಅಂದಳು. "ನೀರೊಳಗೆ ಹಿಂಗೇ ಆಗಿರ್ಬೇಕು."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು ನೆಲಕ್ಕೆ ಕುಸಿದು, ಗಂಡ ಸತ್ತವಳು ಹೇಗೆ ಕೂಗಬೇಕೋ ಹಾಗೆ, ಅವನ ಹೆಸರು ಹಿಡಿದು ಊರಿಗೆಲ್ಲ ಕೇಳುವಂತೆ ಕೂಗಿದಳು. ಬಾಯಿ ಮುಚ್ಚಿಸಲು ಹೋದೆ. ಕೈ ಕಚ್ಚಿದಳು. ಬೇಲಿಯಾಚೆ ನನ್ನ ಗಂಡ ಎದ್ದು ಬರುವುದು ಕಾಣಿಸಿತು. ನಾನೂ ಅವಳ ಪಕ್ಕದಲ್ಲಿ ಕೂತು ಅಳತೊಡಗಿದೆ.