ಪರೇಲ್ ಬರೂದ್ರೊಳಗ ಕೌದಿ ಅಂಚು

ಕೌದಿ ವಿಷಯದಾಗ ನಾ ಭಾಳ ಹಟಮಾರಿ. ನಾ ಹಿಡಿದ ಕೌದಿಗೆ ಇನ್ನೊಬ್ಬರು ಸೂಜಿ ಹಾಕಿದ್ರ ನನಗ ಸೇರೂದಿಲ್ಲ. ಈ ಸೊಕ್ಕಿನಿಂದನ ಅವತ್ತ ಮಾನ ಹೋಗೂ ಹೊತ್ತು ಬಂದಿತ್ತು.

ಡೊಂಬಿವಲಿಯಿಂದ ಪರೇಲಿಗೆ ದಿನಾ ಒಂದ ಸ್ಲೋ ಲೋಕಲ್ ರೈಲು, ಒಂದ ಲೇಡೀಸ್ ಡಬ್ಬಿ. ನಾನು, ಮೂವರು ಗೆಳತ್ಯಾರು. ಠಾಣೆದಾಗ ಹತ್ತೂ ಹಿರಿಯರೊಬ್ಬರು ಪರೇಲಿನ ದವಾಖಾನಿಯೊಳಗ ನರ್ಸು. ಅವರಿಗೆ ನಾವೆಲ್ಲಾ ಸಿಸ್ಟರ್ ಅಂತೀವಿ. ಮಾತು ಮರಾಠಿ, ಬಾಯಿ ಬಿರುಸು. ನಾ ಮದುವಿಯಾಗಿ ಧಾರವಾಡದಿಂದ ಬಂದು ಮೊದಲನೇ ದಿನ ಕೆಲಸಕ್ಕ ಹೊಂಟಾಗ, ಪರೇಲ್ ಬಂದ್ರೂ ಗದ್ದಲದಾಗ ಇಳೀಲಿಕ್ಕಾಗದ ಅಳಕೋತ ನಿಂತಿದ್ದೆ. ಅವರು ಬೈಕೋತನ ನನ್ನ ರಟ್ಟಿ ಹಿಡಿದು ಕೆಳಗ ಎಳಕೊಂಡಿದ್ರು. ಆಮ್ಯಾಲೆ ಹದಿನೆಂಟು ವರ್ಷ ಅವರ ಬೆನ್ನ ಹಿಂದನ ಇಳದೀನಿ. ಹಡೆದಾಕಿಗಿಂತ ಅವರನ್ನ ಹೆಚ್ಚು ನೋಡೀನಿ.

ಅವರು ರಿಟೈರ್ ಆಗಿ ಮರುದಿನ ಮುಂಜಾನೇನ ಕೊಂಕಣದ ಊರಿಗೆ ಹೋಗಿಬಿಡ್ತಾರ ಅಂತ ಗೊತ್ತಾದ ಕೂಡಲೇ ಕೌದಿ ಹಿಡಿದೆ. ಗೆಳತ್ಯಾರು ಹಳೇ ಸೀರಿ, ಡ್ರೆಸ್ಸು ಕೊಟ್ರು. ಒರಸೂ ಬಟ್ಟಿಗೆ ಬೇಕು ಅಂತ ಸುಳ್ಳು ಹೇಳಿ ಸಿಸ್ಟರ್ ಕಡಿಂದನೂ ಒಂದು ಬಿಳೀ ಯುನಿಫಾರ್ಮ್ ಸೀರಿ ಇಸಕೊಂಡು, ನಟ್ಟ ನಡುವ ಹಚ್ಚಿದೆ. ಗೆಳತ್ಯಾರು ತಾವೂ ಹೊಲೀತೀವಿ ಅಂದ್ರು. ಒಬ್ಬಾಕಿ ಹೊಲದದ್ದನ್ನ ನೋಡಿದೆ, ಒಂದೊಂದು ಹೊಲಿಗಿ ಗೇಣುದ್ದ. ಮನಿಗೆ ಒಯ್ದು ಎಲ್ಲಾ ಬಿಚ್ಚಿ ಮತ್ತ ನಾನ ಹೊಲದೆ. ಹಿಂಗಾಗಿ ಅವರ ಕಡೇ ದಿನ ಬಂದ್ರೂ ಎರಡು ಬಾಜೂ ಕೆಂಪು ಅಂಚು ಬಾಕಿ ಇತ್ತು.

ಡೊಂಬಿವಲಿಯಾಗ ಸೀಟು ಸಿಕ್ಕ ಕೂಡಲೇ ಕೌದಿ ತೊಡಿಮ್ಯಾಲೆ ಹಾಸಿದೆ. ಠಾಣೆ ಬರೂದ್ರೊಳಗ ಮುಗಿಸಿ ಮಡಚಿ ಇಡೂದು ನನ್ನ ವಿಚಾರ. ಅಂಚಿನ ಬಟ್ಟಿ ಹೊಳ್ಳಿಸಿ ಮಡಚಿ ಸೂಜಿ ಚುಚ್ಚಬೇಕು ಅನ್ನೂದ್ರಾಗ ಗಾಡಿ ಜಗ್ಗೂದು. ಬೆರಳಿಗೆ ಎರಡು ಸಲ ಚುಚ್ಚಿತು. ಗೆಳತ್ಯಾರು ನಗಿ ತಡಕೊಂಡು ಕುಂತಿದ್ರು. ಮುಂಬ್ರಾ ಬಂದ್ರೂ ಒಂದು ಬಾಜೂ ಸೈತ ಮುಗೀಲಿಲ್ಲ. ಕಡೀಕ ಸೋತು, ತಗೋರವ್ವಾ, ನೀವೂ ಹೊಲೀರಿ ಅಂದೆ. ಮೂರೂ ಮಂದಿ ಪರ್ಸಿನಾಗ ದಾರ ಪೋಣಿಸಿದ ಸೂಜಿ ಆಗಲೇ ತಯಾರ ಇದ್ದುವು. ಕಳ್ಳಿಯರು.

ಆದ್ರೂ ಮುಗಿಯೂದ್ರಾಗ ಠಾಣೆ ಬಂತು. ಸಿಸ್ಟರ್ ಹತ್ತಿದ್ರು, ನಮ್ಮ ನಾಲ್ಕೂ ಮಂದಿ ತೊಡಿಮ್ಯಾಲೆ ಹಾಸಿದ ಕೌದಿ ನೋಡಿದ್ರು, ನಡುವ ತಮ್ಮ ಸೀರಿ ನೋಡಿದ್ರು. ಹಾರ, ಕೇಕು ಏನರ ಮಾಡಿದ್ರ ಬ್ಯಾರೆ ಡಬ್ಬಿ ಹತ್ತತೀನಿ ಅಂತ ವಾರದಿಂದ ನಮ್ಮನ್ನ ಹೆದರಿಸಿದ್ದವರು ಅವರು. ಈಗ ಬಿಳೀ ತುಂಡಿನ ಮ್ಯಾಲೆ ಕೈಯಾಡಿಸಿ, ಒರಸೂ ಬಟ್ಟಿ ಇದೇನು ಅಂತ ಸಣ್ಣ ದನಿಯಾಗ ಕೇಳಿದ್ರು. ನನಗ ಅಳು ಬಂತು. ಕೈ ಮಾತ್ರ ನಿಲ್ಲಿಸಲಿಲ್ಲ.

ಘಾಟ್ಕೋಪರ್ ಹೋತು, ಕುರ್ಲಾ ಹೋತು, ದಾದರ್ ಹೋತು, ಇನ್ನೂ ಒಂದು ಮೂಲಿ ಉಳದಿತ್ತು. ಅಂಚು ಮುಗಿಯದ ಕೌದಿ ಯಾರಿಗೂ ಕೊಡಬಾರದು ಅಂತ ನಮ್ಮವ್ವನ ಕಟ್ಟಳೆ. ಸಂಜಿಕ ಅವರ ಗಾಡಿ ಬ್ಯಾರೆ, ನಾಳೆ ಊರಿಗೆ ಹೊಂಟಾರ. ಈಗ ಕೊಡದಿದ್ರ ಮತ್ಯಾವಾಗ ಕೊಡೂದು?

ಪರೇಲ್ ಬಂತು. ಸಿಸ್ಟರ್ ಎದ್ದು ಬಾಗಿಲಕ ಹೋದ್ರು. ನಾ ಒಂದ ನಿಮಿಷ, ಒಂದ ನಿಮಿಷ ಅಂತ ಬೇಡಿಕೋತನ ಹೊಲದೆ. ಮಂದಿ ಇಳದ್ರು, ಮಂದಿ ಹತ್ತಿದ್ರು, ಗಾಡಿ ಬಿಟ್ಟಿತು. ತಲಿ ಎತ್ತಿ ನೋಡಿದ್ರ ಒಂದು ದಿನಾನೂ ಡ್ಯೂಟಿಗೆ ತಡಾ ಮಾಡದ ಆ ಹೆಣ್ಣಮಗಳು ವಾಪಸ್ ಬಂದು ನನ್ನ ಬಾಜೂಕ ಕುಂತಾರ.

"ನಿಧಾನಕ ಹೊಲಿ," ಅಂದ್ರು. "ಇವತ್ತೊಂದಿನ ತಡಾ ಆದ್ರ ಏನ್ ಮಾಡ್ತಾರ, ಕೆಲಸದಿಂದ ತಗೀತಾರೇನು?"

ಕಡೇ ಗಂಟು ಬೈಕುಲ್ಲಾದಾಗ ಬಿತ್ತು. ಐದೂ ಮಂದಿ ಇಳದು, ವಾಪಸ್ ಗಾಡಿ ಹಿಡೀಲಿಕ್ಕೆ ಪ್ಲಾಟ್‌ಫಾರ್ಮಿನ ಮ್ಯಾಲೆ ನಿಂತ್ವಿ. ಬೆವರು ಇಳಿಯೂ ಧಗಿಯಾಗ ಸಿಸ್ಟರ್ ಕೌದಿ ಹೊದಕೊಂಡ ನಿಂತಿದ್ರು.