ಮೂವತ್ತು ಮುಖದ ಕಂಪ್ಯೂಟರು

ದೇವದುರ್ಗದಲ್ಲಿ ಬ್ಯಾನರ್ ಮಾಡುವವರಲ್ಲಿ ನಾನೇ ದೊಡ್ಡವನು ಎಂದು ನನಗಾದರೂ ಅನ್ನಿಸುತ್ತದೆ. ನಮ್ಮಲ್ಲಿ ತೊಟ್ಟಿಲ ಕಾರ್ಯದ ಬ್ಯಾನರಿನಲ್ಲೂ ಕೂಸು ಮೂಲೆ ಸೇರಿ, ಅದರ ಮಾವಂದಿರು, ಮಾವಂದಿರ ಗೆಳೆಯರು ಸಾಲಾಗಿ ನಿಲ್ಲುತ್ತಾರೆ. ನನ್ನ ಹಳೆಯ ಕಂಪ್ಯೂಟರು ಮೂವತ್ತು ಮುಖದವರೆಗೆ ತಾಳಿಕೊಂಡು, ಮೂವತ್ತೊಂದನೆಯದಕ್ಕೆ ನಿಂತುಬಿಡುತ್ತಿತ್ತು. ಮೊನ್ನೆ ಪೂರ್ತಿಯೇ ಕೆಟ್ಟಿತು.

ಹೊಸದು ತರಲು ರಾಯಚೂರಿಗೆ ಹೋದೆ. ಅಂಗಡಿಯ ಚಾಂದ್‌ಪಾಷಾ ಎರಡು ತೋರಿಸಿದರು. ಒಂದು ಮನೆಮಂದಿ ಬಳಸುವ ಸಾದಾ ಕಂಪ್ಯೂಟರು, ಇನ್ನೊಂದು ದೊಡ್ಡ ಕೆಲಸದವರು ಒಯ್ಯುವ ವರ್ಕ್‌ಸ್ಟೇಷನ್.

“ದೊಡ್ಡದೇ ಕೊಡ್ರಿ. ಬ್ಯಾನರಿಗೆ ಮುಖ ಕೂಡ್ಸೋದಂದ್ರ ಸಣ್ಣ ಕೆಲಸಲ್ಲ” ಎಂದೆ, ಎದೆಯುಬ್ಬಿಸಿ.

“ತಗೋರಿ ಸಾಹೇಬ್ರ. ಇದ್ರಾಗ ಐನೂರು ಮುಖ ಕೂಡಿಸ್ರಿ, ನಿಂದ್ರೋ ಮಾತೇ ಇಲ್ಲ.”

ಉಬ್ಬಿದ ಎದೆ ಧಸಕ್ಕೆಂದಿತು. ನಮ್ಮ ಓಣಿಯ ಗದ್ದೆಪ್ಪಕಾಕಾ ಅರವತ್ತು ಫೋಟೋ ತಂದಾಗಲೆಲ್ಲ ನಾನು “ಕಂಪ್ಯೂಟರ್ ಒಪ್ಪವಲ್ದು ಕಾಕಾ” ಎಂದು ಅರ್ಧ ವಾಪಸು ಕೊಡುತ್ತಿದ್ದೆ. ಬಾಯಿಬಿಟ್ಟು ಬೇಡ ಅನ್ನುವ ಧೈರ್ಯ ನನಗೆ ಹುಟ್ಟಿದಾಗಿನಿಂದ ಇಲ್ಲ. ಇಷ್ಟು ವರ್ಷ ನನ್ನ ಪರವಾಗಿ ಬೇಡ ಅಂದದ್ದು ಆ ಡಬ್ಬಿ. ಅರವತ್ತೂ ಹಾಕಿದರೆ ಒಂದೊಂದು ಮುಖ ಶೇಂಗಾಕಾಳಿನಷ್ಟಾಗುತ್ತದೆ, ಯಾರದು ಸಣ್ಣದಾಯಿತು, ಯಾರದು ಕೆಳಗೆ ಬಂತು ಎಂಬ ಜಗಳ ನನ್ನ ಅಂಗಡಿಗೇ ಬರುತ್ತದೆ.

ವರ್ಕ್‌ಸ್ಟೇಷನ್ ಮೇಲಿಟ್ಟ ಕೈಯನ್ನು ಮೆಲ್ಲಗೆ ತೆಗೆದು, ಸಾದಾ ಕಂಪ್ಯೂಟರಿನ ಕಡೆ ತಿರುಗಿದೆ.

“ಇದು ಎಷ್ಟು ಮುಖಕ್ಕ ನಿಂತುಬಿಡ್ತದ್ರೀ?”

“ಚಿಂತಿ ಬ್ಯಾಡ್ರಿ, ಇದೂ ನೂರು ಎಳಿತದ!”

“ಹಂಗಾದ್ರ ಇದಕ್ಕಿಂತ ಕಡಿಮಿದು ಏನರ ಅದೇನ್ರಿ?”